ಕೈ ಎತ್ತಿದ ಮುಯ್ಯಿ

ಕಾರ್ತಿಕ ಮುಗಿದು ಇಬ್ಬನಿ ಬೀಳಲು ಶುರುವಾಗಿತ್ತು. ಬಾಗೂರಿನ ಕೆಳಗಲ ಹೊಲದಲ್ಲಿ ಜುಂಜಪ್ಪನ ರಾಗಿ ಕೊಯ್ಲು. ಹನ್ನೊಂದು ಜನ ಸಾಲಾಗಿ ಬಗ್ಗಿ ಕುಡುಗೋಲು ಆಡಿಸುತ್ತಿದ್ದರು. ಅವರಲ್ಲಿ ಕೂಲಿಯವರು ಒಬ್ಬರೂ ಇಲ್ಲ, ಎಲ್ಲ ಮುಯ್ಯಾಳುಗಳು. ಇವತ್ತು ನಿನ್ನ ಹೊಲದಲ್ಲಿ ನಾನು ಬೆನ್ನು ಬಗ್ಗಿಸಿದರೆ ನಾಳೆ ನನ್ನ ಹೊಲದಲ್ಲಿ ನೀನು ಬಗ್ಗಿಸಬೇಕು, ಅದು ಮುಯ್ಯಿ. ಅದನ್ನು ಬರೆದಿಡುವವರಿಲ್ಲ. ಬಾಯಿಬಿಟ್ಟು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಅಪ್ಪ ತೀರಿಸದೆ ಸತ್ತರೆ ಮಗ ಕುಡುಗೋಲು ಹಿಡಿದು ಹೋಗುತ್ತಾನೆ.

ಪಾಲಣ್ಣ ಆ ಸಾಲಿನ ಕೊನೆಯವನು. ವಾರವೆಲ್ಲ ಹೊಸದುರ್ಗದ ಕಂಬಳಿ ನೇಕಾರರ ಸಹಕಾರ ಸಂಘದಲ್ಲಿ ಗುಮಾಸ್ತ. ಭಾನುವಾರ ಮಾತ್ರ ಅವನ ಬೆನ್ನು ಊರಿನದು. ಈ ಭಾನುವಾರ ಅದೂ ಅರ್ಧ. ಮಧ್ಯಾಹ್ನ ಮೂರಕ್ಕೆ ಹೊಸದುರ್ಗದಲ್ಲಿ ಮೀಟಿಂಗಿತ್ತು. ಹತ್ತು ಹಿಡಿ ಕೊಯ್ದರೆ ಒಂದು ಸಲ ತಲೆ ಎತ್ತಿ ಹೊತ್ತು ನೋಡುತ್ತಿದ್ದ.

“ಎಷ್ಟು ಸರ್ತಿ ನೋಡಿದ್ರೂ ಸೂರ್ಯ ಅವನ ಹೊತ್ತಿಗೇ ಹೋಗಾದು. ಕೈ ಆಡ್ಸು,” ಅಂದ ಜುಂಜಪ್ಪ.

“ಇವತ್ತು ಸಿನಿಮಾ ಆರಿಸೋ ಮೀಟಿಂಗ್ ಐತೆ ಮಾವ.”

“ಆ ಹಸೂಂದಾ?”

ಸಾಲಿನ ಕುಡುಗೋಲುಗಳೆಲ್ಲ ಒಂದು ಗಳಿಗೆ ನಿಂತವು.

ಐದು ವರ್ಷದ ಹಿಂದೆ, ಅರವತ್ತೊಂಬತ್ತರಲ್ಲಿ, ಪಾಲಣ್ಣ ಸಹಕಾರ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದ. ಜೊತೆಯವನೊಬ್ಬ ಅವನನ್ನು ಹಂಗೇರಿ ದೇಶದ ಒಂದು ಚಿತ್ರಕ್ಕೆ ಎಳೆದುಕೊಂಡು ಹೋದ. ಒಬ್ಬ ಹೆಂಗಸು ಸಂತೆಯಲ್ಲಿ ಬಡಕಲು ಹಸುವೊಂದನ್ನು ಕೊಂಡು ಮೂರು ದಿನ ಹಿಮದಲ್ಲಿ ಊರಿಗೆ ಹೊಡೆದುಕೊಂಡು ಬರುತ್ತಾಳೆ. ಕಥೆ ಅಷ್ಟೇ. ಅದರಲ್ಲಿ ಮಾತು ಕಡಿಮೆ, ಇದ್ದದ್ದೂ ಹಂಗೇರಿಯವರ ಮಾತು. ಹಸು ಮಾತ್ರ ಪಾಲಣ್ಣನಿಗೆ ಪೂರ್ತಿ ಅರ್ಥವಾಯಿತು. ಕೊನೆಗೆ ಹೆಪ್ಪುಗಟ್ಟಿದ ಒಂದು ಹೊಳೆ. ಆಚೆ ದಡದಲ್ಲಿ ಊರಿನ ಹೊಗೆ. ಹೆಂಗಸು ಹಗ್ಗ ಹಿಡಿದು ನಿಂತಳು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಪಾಲಣ್ಣ ಎದ್ದು ಬಂದ.

ಮನೆಗೆ ಬಂದು ಹೆಂಡತಿ ಕೆಂಚಕ್ಕನಿಗೆ ಹೇಳಿದ. “ದಾಟ್ತಾ?” ಅಂದಳು ಕೆಂಚಕ್ಕ. ಗೊತ್ತಿಲ್ಲ ಅಂದ. ಆಕೆ ಬಾವಿಕಟ್ಟೆಯಲ್ಲಿ ಹೇಳಿದಳು. ಒಂದು ವಾರದಲ್ಲಿ ಊರೇ ಕೇಳಿತು. ಕುರಿ ಮೇಯಿಸುವವರು ಹಾದಿಯಲ್ಲಿ ಅಡ್ಡಗಟ್ಟಿ ಕೇಳಿದರು. ಹೊಳೆ ಗಟ್ಟಿಯಾಗುವುದುಂಟೇ ಎಂದು ಕೆಲವರು ಅನುಮಾನಪಟ್ಟರು. ಗುಮಾಸ್ತನಾದ ಮೇಲೆ ಇವನು ಸುಳ್ಳೂ ಕಲಿತ ಎಂದರು. ಐದು ವರ್ಷವಾದರೂ ಆ ಹಸು ದಡದಲ್ಲೇ ನಿಂತಿತ್ತು, ಪಾಲಣ್ಣನ ಮಾತು ನಿಜವೋ ಸುಳ್ಳೋ ಎಂಬುದೂ ಅದರ ಜೊತೆಗೆ ನಿಂತಿತ್ತು.

ಹೊಸದುರ್ಗದಲ್ಲಿ ‘ವಿಶ್ವದೃಷ್ಟಿ ಚಿತ್ರ ಬಳಗ’ ಹುಟ್ಟಿದಾಗ ಪಾಲಣ್ಣ ತಾನಾಗಿ ಹೋಗಿ ಕಾರ್ಯದರ್ಶಿಯಾದದ್ದು ಆ ಹಸುವಿಗಾಗಿ. ಬಳಗದ ಉದ್ದೇಶ ಬೇರೆ ಇತ್ತು: ಹೊರದೇಶದ ಶ್ರೇಷ್ಠ ಚಿತ್ರಗಳನ್ನು ತಂದು ಭಾನುವಾರ ಬೆಳಗಿನ ವಿಶೇಷ ಪ್ರದರ್ಶನಗಳಲ್ಲಿ ತೋರಿಸಿ ಹೊಸದುರ್ಗದ ಜನರ ಅಭಿರುಚಿಯನ್ನು ಮೇಲೆತ್ತುವುದು. ಬೆಂಗಳೂರಿನಿಂದ ಟೈಪು ಮಾಡಿದ ಪಟ್ಟಿ ಬರುತ್ತಿತ್ತು. ಒಂದೊಂದು ಚಿತ್ರಕ್ಕೆ ಎರಡೆರಡು ಸಾಲು. ಸಮಿತಿಯ ನಾಲ್ವರು ಒಂದೂ ನೋಡಿರದ ಚಿತ್ರಗಳ ಗುಣದೋಷ ತೂಗಿ, ಕೈ ಎತ್ತಿ ಒಂದನ್ನು ಆರಿಸುತ್ತಿದ್ದರು. ಕಾಗದ ಬರೆಯುವುದು, ಬಸ್ಸಿನ ಟಾಪಿನಿಂದ ರೀಲಿನ ಡಬ್ಬ ಇಳಿಸುವುದು, ಪ್ರದರ್ಶನವಾದ ಮೇಲೆ ಬೆಂಚು ಜೋಡಿಸುವುದು ಕಾರ್ಯದರ್ಶಿಯ ಪಾಲು.

ಮೊದಲ ಸಲ ಅಧ್ಯಕ್ಷರಾದ ತಿಪ್ಪೇರುದ್ರಪ್ಪನವರು ಪೋಲೆಂಡಿನ ಚಿತ್ರ ಹಿಡಿದರು. ಅವರು ಜೂನಿಯರ್ ಕಾಲೇಜಿನ ಇಂಗ್ಲಿಷ್ ಲೆಕ್ಚರರು. ಪಾಲಣ್ಣ ಕೈ ಎತ್ತಿದ. ಅದರಲ್ಲಿ ಇಬ್ಬರು ಮುದುಕರು ಒಂದು ಮೇಜಿನ ಎದುರುಬದುರು ಎರಡು ಗಂಟೆ ಕೂತಿದ್ದು ಎದ್ದುಹೋದರು. ಪ್ರೇಕ್ಷಕರು ಅವರಿಗಿಂತ ಮುಂಚೆಯೇ ಎದ್ದುಹೋಗಿದ್ದರು. ಎರಡನೆಯ ಸಲ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಏಕನಾಥಮ್ಮನವರು ರಷ್ಯಾದ ಟ್ರ್ಯಾಕ್ಟರ್ ಚಿತ್ರ ಬೇಕೆಂದರು. ಪಾಲಣ್ಣ ಕೈ ಎತ್ತಿದ. ಮೂರನೆಯ ಸಲ, ಬೆಳಗಿನ ಹೊತ್ತು ಟಾಕೀಸನ್ನು ಬಿಟ್ಟಿ ಬಿಟ್ಟುಕೊಡುತ್ತಿದ್ದ ಅದರ ಮಾಲೀಕ ದಿಲಾವರ್ ಸಾಹೇಬರು, ಜಪಾನಿನದಾದರೆ ಫೈಟಿಂಗ್ ಇರುತ್ತದೆ ಎಂದರು. ಅದಕ್ಕೂ ಕೈ ಎತ್ತಿದ. ಮೂರು ಗಂಟೆಯ ಆ ಚಿತ್ರದಲ್ಲಿ ಒಬ್ಬನು ಕತ್ತಿ ಒರೆಸಿ ಒರೆಸಿ, ಕೊನೆಗೆ ಒರೆಗೆ ಹಾಕಿ ಇಟ್ಟ.

ಮೂವರಿಗೂ ಒಂದೊಂದು ಆಯಿತು. ಇನ್ನು ನನ್ನ ಸರದಿ ಎಂದು ಪಾಲಣ್ಣ ತಿಳಿದಿದ್ದ. ಬಾಗೂರಿನಲ್ಲಿ ಹುಟ್ಟಿದವನು ಬೇರೆ ರೀತಿ ತಿಳಿಯುವುದು ಸಾಧ್ಯವಿರಲಿಲ್ಲ.

ಮಧ್ಯಾಹ್ನ ಸೈಕಲ್ಲು ತುಳಿದು ಟಾಕೀಸಿನ ಆಫೀಸು ಕೋಣೆ ಮುಟ್ಟಿದಾಗ ಅವನ ಅಂಗಿಗೆ ಇನ್ನೂ ರಾಗಿ ತೆನೆಯ ಸುಂಕು ಅಂಟಿತ್ತು. ಚಹಾ ಬಂತು. ತಿಪ್ಪೇರುದ್ರಪ್ಪನವರು ಕನ್ನಡಕ ಏರಿಸಿ ಪಟ್ಟಿ ಬಿಚ್ಚಿದರು.

“ಚಿತ್ರದುರ್ಗದವರು ಹೋದ ತಿಂಗಳು ಇಟಲಿ ತೋರಿಸಿದ್ದಾರೆ. ಹಿರಿಯೂರಿನವರು ಸ್ವೀಡನ್ನಿಗೆ ಬರೆದಿದ್ದಾರಂತೆ. ಹೊಳಲ್ಕೆರೆಯಲ್ಲಿ ಬಳಗವೇ ಇಲ್ಲ, ಅವರ ಮಾತು ಬಿಡಿ. ಈ ಸಲ ನಾವು ಫ್ರೆಂಚ್ ತೋರಿಸದಿದ್ದರೆ ಜಿಲ್ಲೆಯಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.”

ಜಿಲ್ಲೆಯ ಜನ ಯಾರ ತಲೆ ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಂಡು ಕೂತಿರಲಿಲ್ಲ. ಆದರೂ ಎಲ್ಲರೂ ಗಂಭೀರವಾಗಿ ತಲೆ ಆಡಿಸಿದರು.

“ಫ್ರೆಂಚ್ ಅಂದ್ರೆ, ಅದರಲ್ಲಿ ಏನಿರುತ್ತೆ?” ಎಂದರು ಏಕನಾಥಮ್ಮ.

ಅಧ್ಯಕ್ಷರು ಓದಿದರು: “‘ಗಂಡನನ್ನು ತೊರೆದ ಮಹಿಳೆಯೊಬ್ಬಳು ಪ್ಯಾರಿಸ್ಸಿನ ಒಂದು ಕೋಣೆಯಲ್ಲಿ ತನ್ನನ್ನು ತಾನು ಹುಡುಕಿಕೊಳ್ಳುತ್ತಾಳೆ.’ ಅಸ್ತಿತ್ವದ ಸಮಸ್ಯೆ.”

“ಒಂದೇ ಕೋಣೆ. ಹುಡುಕೋಕೆ ಎಷ್ಟು ರೀಲು ಬೇಕು?” ಎಂದರು ದಿಲಾವರ್ ಸಾಹೇಬರು.

“ಹದಿನಾಲ್ಕು.”

“ಯಾ ಅಲ್ಲಾ!”

ಪಾಲಣ್ಣ ಗಂಟಲು ಸರಿಮಾಡಿಕೊಂಡ. “ಸಾರ್, ಹದಿನೇಳನೇ ನಂಬರು ನೋಡ್ರಿ. ಹಂಗೇರಿದು. ಒಂದು ಹಸು...”

“ಹಸು?” ತಿಪ್ಪೇರುದ್ರಪ್ಪನವರು ಕನ್ನಡಕ ಇಳಿಸಿದರು. “ಟಾಕೀಸಿನ ಬಾಗಿಲಲ್ಲೇ ನಾಲ್ಕು ಮಲಗಿವೆ ಪಾಲಣ್ಣ. ಅವನ್ನು ದಾಟಿಕೊಂಡು ಒಳಗೆ ಬಂದು ಇನ್ನೊಂದನ್ನು ನೋಡಬೇಕಾ? ಊರು ಬಿಟ್ಟು ಬಂದರೂ ನಿನಗೆ ದನಕರು ಬಿಡಲಿಲ್ಲ ನೋಡು.”

ಪಾಲಣ್ಣನಿಗೆ ಆಗ ಊರಿನಲ್ಲಿ ಯಾರೂ ಆಡಬಾರದ ಮಾತನ್ನು ಆಡಬೇಕಾಯಿತು. ಆಡುವಾಗ ಕಿವಿ ಬಿಸಿಯಾದವು.

“ನಿಮ್ಮ ಪೋಲೆಂಡಿಗೆ ನಾನು ಕೈ ಎತ್ತಿದೀನಿ ಸಾರ್. ಮೇಡಮ್ಮೋರ ರಷ್ಯಾಕ್ಕೆ ಎತ್ತಿದೀನಿ. ಸಾಬ್ರ ಜಪಾನಿಗೆ ಎತ್ತಿದೀನಿ. ನನಗೆ ಮೂರು ಮುಯ್ಯಿ ಬರಬೇಕು.”

ಅಧ್ಯಕ್ಷರು ಚಹಾ ಚೆಲ್ಲುವ ಹಾಗೆ ನಕ್ಕರು. “ಇದು ಪ್ರಜಾಪ್ರಭುತ್ವ ಕಣಯ್ಯ, ರಾಗಿ ಕೊಯ್ಲಲ್ಲ! ಕೈ ಎತ್ತುವುದು ಆತ್ಮಸಾಕ್ಷಿಯ ವಿಷಯ.”

ಏಕನಾಥಮ್ಮನವರಿಗೆ ನಿಜವಾಗಿ ನೋವಾಗಿತ್ತು. “ಅಂದ್ರೆ ನಮ್ಮ ರಷ್ಯಾ ಚಿತ್ರ ನಿಮಗೆ ಹಿಡಿಸಿರಲಿಲ್ವಾ? ‘ಬಾಳ ಚೆನ್ನಾಗೈತೆ’ ಅಂದಿರಲ್ಲ?”

“ಮುಯ್ಯಾಳಾಗಿ ಹೋದವನು ಇವರ ರಾಗಿ ಕಾಳು ಕಟ್ಟಿಲ್ಲ ಅಂತ ಅನ್ನಲ್ಲ ಮೇಡಮ್.”

ಇದರಿಂದ ಅವರ ನೋವು ಕಡಿಮೆಯಾಗಲಿಲ್ಲ. ಆದರೆ ಆಕೆ ನ್ಯಾಯಸ್ಥೆ. ಎದುರಿಗಿದ್ದ ಕೆಲಸ ಬಿಡುವವರಲ್ಲ. “ಇರಲಿ. ಈ ಹಸುವಿನ ಚಿತ್ರದಲ್ಲಿ ಗಂಡಸರೆಷ್ಟು?”

“ಒಬ್ಬ. ಹಸು ಮಾರೋನು. ಮೊದಲ್ನೇ ರೀಲಿಗೇ ಹೋಗ್ತಾನೆ.”

“ಮುತ್ತು ಗಿತ್ತು?”

ಪಾಲಣ್ಣ ಸುಳ್ಳು ಹೇಳುವವನಲ್ಲ. “ಒಂದ್ಸಲ ಕೊಡ್ತಾಳೆ. ಹಸೂಗೆ. ಹಣೆಗೆ.”

ಏಕನಾಥಮ್ಮನವರು ಯೋಚಿಸಿದರು. ಪ್ಯಾರಿಸ್ಸಿನ ಕೋಣೆಯನ್ನೂ ಹಸುವಿನ ಹಣೆಯನ್ನೂ ಮನಸ್ಸಿನಲ್ಲೇ ತೂಗಿದರು. “ಹಣೆಗಾದ್ರೆ ಪರವಾಗಿಲ್ಲ,” ಎಂದು ಕೈ ಎತ್ತಿದರು.

“ರೀಲು?” ಎಂದರು ದಿಲಾವರ್.

“ಏಳು.”

ದಿಲಾವರ್ ಸಾಹೇಬರ ಕೈ ತಾನಾಗಿ ಮೇಲೆ ಹೋಯಿತು. “ಮುಯ್ಯಿ ಗಿಯ್ಯಿ ಅಲ್ಲ ಪಾಲಣ್ಣ ಭಾಯ್, ತಪ್ಪು ತಿಳ್ಕೋಬೇಡ. ಪ್ರೊಜೆಕ್ಟರ್ ದೀಪಕ್ಕೆ ಉರಿಸೋ ಕಾರ್ಬನ್ ಕಡ್ಡಿ ಅರ್ಧ ಉಳೀತದೆ.”

ಹೀಗೆ ಮುತ್ತಿನ ಭಯದಿಂದಲೂ ಕಾರ್ಬನ್ ಕಡ್ಡಿಯ ಉಳಿತಾಯದಿಂದಲೂ ಹಂಗೇರಿಯ ಕಲಾಕೃತಿಯೊಂದು ಮೂರು ಕೈಗಳಿಂದ ಆಯ್ಕೆಯಾಯಿತು. ಅಧ್ಯಕ್ಷರು ಕೈ ಎತ್ತಲಿಲ್ಲ. “ನನ್ನ ವಿರೋಧವನ್ನು ದಾಖಲಿಸಿ,” ಎಂದರು. ಕಾರ್ಯದರ್ಶಿ ಪಾಲಣ್ಣ ದಾಖಲಿಸಿದ.

ಪುಷ್ಯಮಾಸದ ಒಂದು ಭಾನುವಾರ ಪ್ರದರ್ಶನ ಗೊತ್ತಾಯಿತು. ಊರಲ್ಲಿ ರಾಗಿ ಬಡಿಯುವ ಕಾಲ. ಜುಂಜಪ್ಪ ಕಣದಲ್ಲಿ ರಾಗಿ ಹರಡುವುದನ್ನು ನಿಲ್ಲಿಸಿ, ಕಣ ಸುತ್ತಬೇಕಿದ್ದ ಎತ್ತುಗಳನ್ನು ಗಾಡಿಗೆ ಕಟ್ಟಿ, ಹನ್ನೆರಡು ಜನರನ್ನು ತುಂಬಿಕೊಂಡು ಹೊಸದುರ್ಗಕ್ಕೆ ಬಂದ. ಕೆಂಚಕ್ಕ ಬುತ್ತಿ ಕಟ್ಟಿಕೊಂಡಿದ್ದಳು. ವಿಶ್ವದೃಷ್ಟಿ ಬಳಗದ ಪ್ರದರ್ಶನಕ್ಕೆ ಅಷ್ಟು ಜನ ಒಟ್ಟಿಗೆ ಬಂದದ್ದು ಅದೇ ಮೊದಲು. ಅದನ್ನು ಕಂಡು ತಿಪ್ಪೇರುದ್ರಪ್ಪನವರು ಭಾಷಣವನ್ನು ಹತ್ತು ನಿಮಿಷದಿಂದ ನಲವತ್ತಕ್ಕೆ ಏರಿಸಿದರು. “ಈ ಚಿತ್ರದ ಬಗ್ಗೆ ಸಮಿತಿಯಲ್ಲಿ ಕೆಲವರಿಗೆ ಅನುಮಾನವಿತ್ತು. ಆದರೆ ಗ್ರಾಮೀಣ ಬದುಕಿನ ಚಿತ್ರ ನಮಗೆ ಬೇಕೇ ಬೇಕು ಎಂದು ಅಧ್ಯಕ್ಷನಾಗಿ ನಾನು...” ಮುಂದಿನದನ್ನು ಪಾಲಣ್ಣ ಕೇಳಿಸಿಕೊಳ್ಳಲಿಲ್ಲ.

ಚಿತ್ರ ಶುರುವಾಯಿತು. ಟಾಕೀಸಿನ ತಗಡಿನ ತೂತುಗಳಿಂದ ಇಳಿದ ಬಿಸಿಲು ಹಂಗೇರಿಯ ಹಿಮದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿತ್ತು. ಮುಂದಿನ ಬೆಂಚಿನ ಕಾಲೇಜಿನವರು ಗಲ್ಲಕ್ಕೆ ಕೈ ಕೊಟ್ಟು ಕೂತರು. ನೆಲದ ಮೇಲೆ ಕೂತ ಬಾಗೂರಿನವರು ನೇರವಾಗಿ ಹಸುವಿನ ಜೊತೆ ನಡೆದರು.

“ಗಬ್ಬ ಐತೆ ಕಣ್ರೀ. ಇನ್ನೆರಡು ತಿಂಗ್ಳಿಗೆ ಕರ ಹಾಕುತ್ತೆ.”

“ಹಿಂದಿನ ಬಲಗಾಲು ನೋಡು, ಗೊರಸು ನೋಯ್ತೈತೆ.”

“ಮಾರಿದೋನು ಮೋಸ ಮಾಡವ್ನೆ, ಅದಕ್ಕೇ ಮೊದ್ಲೇ ಓಡಿಹೋದ.”

ಶ್ ಶ್ ಎಂದು ಬೆಂಚಿನವರು ತಿರುಗಿ ನೋಡಿದರು. ಆರನೆಯ ರೀಲಿಗೆ ಆ ಬೆಂಚಿನಲ್ಲೇ ಒಬ್ಬರು, ಹಗ್ಗ ಇಷ್ಟು ಬಿಗಿ ಹಿಡಿಯಬಾರದು ಎಂದು ಪಿಸುಗುಟ್ಟಿದರು.

ಹೊಳೆ ಬಂತು. ಬೆಳ್ಳಗೆ, ಗಟ್ಟಿಯಾಗಿ, ಕಲ್ಲುಬಂಡೆಯ ಹಾಗೆ. ಜುಂಜಪ್ಪ ಎದ್ದು ನಿಂತುಬಿಟ್ಟ. “ಹೆಪ್ಪಾಗೈತೆ ಕಣ್ರಲೇ! ಪಾಲಣ್ಣ ಸುಳ್ಳು ಹೇಳಿರ್ಲಿಲ್ಲ!”

ಕೆಂಚಕ್ಕ ಗಂಡನ ಕಡೆ ನೋಡಿದಳು. ಹೆಂಗಸು ಹಗ್ಗ ಹಿಡಿದು ದಡದಲ್ಲಿ ನಿಂತಳು. ಇದೇ ಜಾಗದಲ್ಲಿ ಪಾಲಣ್ಣ ಅವತ್ತು ಎದ್ದು ಬಂದಿದ್ದ. ಹಸು ತಲೆ ಬಗ್ಗಿಸಿ ಹೆಪ್ಪಾದ ನೀರನ್ನು ಒಂದು ಸಲ ಮೂಸಿತು. ಪರದೆ ಕಪ್ಪಾಯಿತು. ಬಿಳಿ ಅಕ್ಷರಗಳು ಮೇಲೇರತೊಡಗಿದವು.

ಚಿತ್ರ ಮುಗಿಯಿತೆಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕೂಗು ಎದ್ದಿತು. “ರೀಲು ಕತ್ತರಿಸವ್ನೆ!” “ಏ ಸಾಬ್ರೆ, ಉಳಿದಿದ್ದು ಹಾಕ್ರಿ!” ಜುಂಜಪ್ಪ ನೇರ ಪ್ರೊಜೆಕ್ಟರ್ ಕೋಣೆಗೆ ಹತ್ತಿದ. ದಿಲಾವರ್ ಸಾಹೇಬರು ಬೆವರಿದ್ದರು. ಬೇರೆ ಚಿತ್ರಗಳಲ್ಲಿ ಒಂದೆರಡು ರೀಲು ನುಂಗುವ ಅಭ್ಯಾಸ ಅವರಿಗೆ ಇಲ್ಲದೇ ಇರಲಿಲ್ಲ. ಪೂರಾ ಪ್ರಾಮಾಣಿಕರಾಗಿದ್ದ ದಿನವೇ ಸಿಕ್ಕಿಬಿದ್ದಿದ್ದರು.

“ಏಳು ಡಬ್ಬ ಬಂದಿತ್ತು, ಏಳೂ ಓಡಿಸಿದೀನಿ. ಖುದಾ ಕಸಮ್! ಎಣಿಸ್ಕೋ!”

ಜುಂಜಪ್ಪ ಎಣಿಸಿದ. ಏಳೇ ಇದ್ದವು.

ತಿಪ್ಪೇರುದ್ರಪ್ಪನವರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನು ಸಿಗುವಂತಿರಲಿಲ್ಲ. ಪರದೆಯ ಮುಂದೆ ಹೋಗಿ ಕೈ ಎತ್ತಿದರು. “ಶಾಂತಿ, ಶಾಂತಿ! ಇದು ತೆರೆದ ಅಂತ್ಯ. ಹಸು ದಾಟಿತೇ ಇಲ್ಲವೇ ಎಂಬುದನ್ನು ನಿರ್ದೇಶಕ ನಿಮಗೇ ಬಿಟ್ಟಿದ್ದಾನೆ.”

“ನಮಗೆ ಬಿಟ್ಟಿದ್ರೆ ನಾವು ಹೊಳೆ ದಡದಾಗೆ ನಿಲ್ಲಿಸ್ತಿದ್ವಾ ಸ್ವಾಮಿ?” ಮೇಲಿನಿಂದಲೇ ಕೂಗಿದ ಜುಂಜಪ್ಪ. “ಹೊತ್ತು ಮುಳುಗೋದ್ರೊಳಗೆ ಕೊಟ್ಟಿಗೆ ಮುಟ್ಟಿಸ್ತಿದ್ವಿ!”

ಬಾಗೂರಿನವರೆಲ್ಲ ಹೌದು ಹೌದು ಅಂದರು. ಕಾಲೇಜಿನ ಬೆಂಚಿನಲ್ಲೂ ಇಬ್ಬರು ಅಂದರು.

ಪಾಲಣ್ಣ ಖಾಲಿ ಪರದೆ ನೋಡುತ್ತ ಕೂತಿದ್ದ. ಕೆಂಚಕ್ಕ ಬುತ್ತಿಯ ಗಂಟು ಎತ್ತಿಕೊಂಡಳು. “ಐದು ವರ್ಷದಿಂದ, ಬಸ್ಸಿಗೆ ಯಾಕೆ ಓಡಿ ಬಂದೆ ಅಂತ ಬೈತಾನೇ ಇದ್ದೆ. ಪೂರ್ತಿ ನೋಡ್ಕೊಂಡೇ ಬಂದಿದ್ದೆ ಬಿಡು ನೀನು. ಏಳು, ಉಣ್ಣಾನ.”

ಹೊರಗೆ ಗಾಡಿ ಕಟ್ಟುವ ಹೊತ್ತಿಗೆ ಅಧ್ಯಕ್ಷರು ಪಾಲಣ್ಣನ ಹೆಗಲ ಮೇಲೆ ಕೈ ಹಾಕಿದರು. ಅಷ್ಟು ಜನ ತಮ್ಮ ಜೊತೆ ವಾದ ಮಾಡಿದ್ದರಿಂದ ಖುಷಿಯಾಗಿದ್ದರು.

“ಮುಂದಿನ ಸಲ ಫ್ರೆಂಚ್. ನೀನು ಕೈ ಎತ್ತಬೇಕು. ಈ ಸಲ ನಿನ್ನ ಹಸು ಪಾಸಾಯಿತಲ್ಲ? ನೀನೇ ಅಂದೆಯಲ್ಲ, ಏನದು... ಮುಯ್ಯಿ!”

“ನೀವು ಅವತ್ತು ಕೈ ಎತ್ಲಿಲ್ಲ ಸಾರ್. ವಿರೋಧ ಬರೆಸಿದ್ರಿ.”

“ಸಮಿತಿ ಎತ್ತಿತಲ್ಲ! ಸಮಿತಿ ಅಂದರೆ ಯಾರು? ಅಧ್ಯಕ್ಷನಲ್ಲವೇ?”

ಬಾಗೂರಿನ ಲೆಕ್ಕದಲ್ಲಿ ಪೋಲೆಂಡಿನ ಬಾಬ್ತು ಈ ಮನುಷ್ಯನಿಂದ ಇನ್ನೂ ಬರಬೇಕಿತ್ತು. ಅದನ್ನು ಎರಡನೇ ಸಲ ಬಾಯಿಬಿಟ್ಟು ಕೇಳುವ ಶಕ್ತಿ ಪಾಲಣ್ಣನಿಗಿರಲಿಲ್ಲ. ನಮಸ್ಕಾರ ಮಾಡಿ ಗಾಡಿ ಹತ್ತಿದ.

ದಾರಿಯುದ್ದಕ್ಕೂ ಜುಂಜಪ್ಪ ತಲೆ ಎತ್ತಿ ಹೊತ್ತು ನೋಡುತ್ತಿದ್ದ. ಬಿಸಿಲು ಚೆನ್ನಾಗಿತ್ತು, ರಾಗಿ ಬಡಿಯಲು ಹೇಳಿ ಮಾಡಿಸಿದಂಥ ಬಿಸಿಲು. ಹರಡದೆ ಉಳಿದ ಕಣ ದೂರದಿಂದಲೇ ಕಾಣಿಸಿತು.

“ನಾಳೆ ಬರ್ತೀನಿ ಮಾವ,” ಅಂದ ಪಾಲಣ್ಣ.

“ನಾನೇನು ಕೇಳ್ಲಿಲ್ಲಪ್ಪ.”

“ನೀನು ಕೇಳ್ಲಿಲ್ಲ.”

ಸೋಮವಾರ ಪಾಲಣ್ಣ ಸಂಘಕ್ಕೆ ಅರ್ಧ ದಿನದ ರಜೆ ಚೀಟಿ ಕಳಿಸಿ ಕಣಕ್ಕೆ ಹೋದ. ರಾಗಿ ಕಂತೆ ಬಿಚ್ಚಿ ಹರಡಿದರು. ಎತ್ತುಗಳು ರೋಣಗಲ್ಲು ಎಳೆಯುತ್ತ ಸುತ್ತಿದವು. ಅವುಗಳ ಹಿಂದೆ ಪಾಲಣ್ಣ. ಹುಲ್ಲು ತಿರುವಿ ಹಾಕಿದ, ಮತ್ತೆ ಸುತ್ತಿದ. ಹೊತ್ತು ನೆತ್ತಿಗೆ ಬಂದಾಗ ಜುಂಜಪ್ಪ ಎತ್ತುಗಳನ್ನು ನಿಲ್ಲಿಸಿ ನೊಗ ಇಳಿಸಿದ.

“ತೀರ್ತು. ಆಫೀಸಿಗೆ ಹೊತ್ತಾತು, ಹೋಗು,” ಅಂದ.

ಪಾಲಣ್ಣ ತಲೆಯ ಟವಲು ಬಿಚ್ಚಿ ಮೈ ಕೊಡವಿಕೊಂಡು ಸೈಕಲ್ಲು ಹತ್ತಿದ.