ಬೆಂಕಿ ತಗ್ಗಿಸಿದವರು ಯಾರು

ಒಂದು ಹನಿ, ಆಮೇಲೆ ಇಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಇನ್ನೊಂದು — ತಮ್ಮ ನಟರಾಜುಗೆ ಹೀಗೆ ಬೀಳುತ್ತಿರಲಿಲ್ಲ, ಜವರಯ್ಯ ಕಣ್ಣಾರೆ ಕಂಡಿದ್ದ, ಹೋದ ವರ್ಷ ಇದೇ ವಾರ್ಡಿನಲ್ಲಿ ಅವನ ಪಕ್ಕ ಕೂತವನು ತಾನೇ ಅಲ್ಲವೇ, ಅದೇ ಶ್ವಾಸಕೋಶದ ಕ್ಯಾನ್ಸರು, ಅದೇ ಕೀಮೋ, ಅವನ ಔಷಧಿ ಚೀಲದ ಮೇಲೆ ನೂರಿಪ್ಪತ್ತು ಮಿಲಿಗ್ರಾಂ ಎಂದಿತ್ತು, ತನ್ನದರ ಮೇಲೆ ಎಪ್ಪತ್ತು, ಯಾರು ಇಳಿಸಿದರು, ಯಾಕೆ ಇಳಿಸಿದರು? ತಮ್ಮ ಈಗ ಕಂಪಲಾಪುರದಲ್ಲಿ ಎರಡೆರಡು ಮುದ್ದೆ ಉಣ್ಣುತ್ತಾನೆ, ತನಗೆ ಮೊದಲ ಸಲ ಅದೇ ನೂರಿಪ್ಪತ್ತು ಏರಿಸಿದ್ದಕ್ಕೇ ಬಾಯೆಲ್ಲ ಹುಣ್ಣು, ಹತ್ತು ದಿನ ಮೈಮೇಲೆ ಎಚ್ಚರವಿಲ್ಲ, ಉಗುರೆಲ್ಲ ಕಪ್ಪು, ಆ ಎಲೆಯ ಹಾಗೆ — ಬೇಡ, ಆ ಎಲೆ ಈಗ ಬೇಡ — ಬಾಗಿಲಲ್ಲಿ ಡಾಕ್ಟರ ಜೊತೆ ಚಿಕ್ಕಮಾದಮ್ಮ ಪಿಸುಗುಟ್ಟಿದ್ದು ಏನು, ಕಟ್ಟಿಕೊಂಡ ಹೆಂಡತಿ, ಕೇಳಿದರೆ ಕಣ್ಣು ತಪ್ಪಿಸಿ ಅಂದಳು, ಏನಿಲ್ಲ ಕಣ್ರೀ, ನಿಮ್ ರಕ್ತದ್ ಟೆಸ್ಟ್ ಬಂದದೆ, ಅದ್ಯಾವ್ದೋ ಜೀನು ನಿಮ್ದು ಬ್ಯಾರೆ ತರ ಅಂತೆ, ಔಸ್ದಿ ಮೈಯಿಂದ ಬ್ಯಾಗ್ನೆ ಇಳಿಯಾಕಿಲ್ವಂತೆ, ನಟರಾಜಂಗೆ ಕೊಟ್ಟಷ್ಟು ಕೊಟ್ರೆ ನಿಮ್ಗೆ ಅದೇ ಇಸ ಆಯ್ತದಂತೆ. ಅಹಾ, ಯಾರ ಕಿವಿ ಮೇಲೆ ಹೂವಿಡುತ್ತೀಯೆ, ಒಂದೇ ಅವ್ವನ ಹೊಟ್ಟೆ, ಒಂದೇ ಅಪ್ಪ, ಒಂದೇ ಬ್ಯಾರನ್ ಮನೆಯ ಒಲೆ ಮುಂದೆ ಕೂತು ಹೊಗೆಸೊಪ್ಪು ಬೇಯಿಸಿದವರು, ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡವರು, ಜೀನು ಹೇಗೆ ಬೇರೆಯಾದೀತು? ಇಲ್ಲ, ಎಲ್ಲ ಸೇರಿ ತೀರ್ಮಾನ ಮಾಡಿದ್ದಾರೆ, ಬದುಕುವವನು ಅವನು, ಈ ಮುದುಕನಿಗೆ ಅರ್ಧ ಸಾಕು ಎಂದು. ನರ್ಸು ಆ ಕಡೆ ಹೋಗಿದ್ದಾಳೆ, ಹೆಂಡತಿ ಗಂಜಿಗೆ ಕೆಳಗಿಳಿದಿದ್ದಾಳೆ, ಕೊಳವೆಯ ಮೇಲೆ ಒಂದು ಪುಟ್ಟ ಗಾಲಿ, ತಿರುಗಿಸಿದರೆ ಹನಿ ಓಡುತ್ತದೆ, ಈ ಎಪ್ಪತ್ತೇ ಒಮ್ಮೆಗೆ ನುಗ್ಗಿದರೆ ಕಾವು ಏರೀತು, ಸೊಪ್ಪು ಒಣಗದಿದ್ದರೆ ಬೆಂಕಿ ಏರಿಸಬೇಕು, ಮೂವತ್ತು ವರ್ಷ ಮಾಡಿದ್ದು ಅದನ್ನೇ — ಅಪ್ಪ ಪಿರಿಯಾಪಟ್ಟಣಕ್ಕೆ ಹೋಗಿದ್ದ ಒಂದು ದಿನ ತಾನು ಹೀಗೇ ಆತುರಪಟ್ಟು ಬೆಂಕಿ ಏರಿಸಿದ್ದ, ನಡುಗಿಡದ ದಪ್ಪ ಎಲೆ ಬಂಗಾರದ ಬಣ್ಣಕ್ಕೆ ಬಂತು, ಬುಡದ ತೆಳು ಎಲೆ ಸುಟ್ಟು ಕಪ್ಪಾಯಿತು, ಅಪ್ಪ ಬಂದು ಬೈಯಲಿಲ್ಲ, ಆ ಕಪ್ಪು ಎಲೆಯನ್ನು ಮಗನ ಅಂಗೈಗಿಟ್ಟು ಇಷ್ಟೇ ಅಂದ, ಗಿಡ ಒಂದೇ ಆದ್ರೆ ಎಲೆ ಒಂದೇನ್ಲಾ. ಅದು ಸೊಪ್ಪಿನ ಮಾತು, ಮನುಷ್ಯರದಲ್ಲ, ನನಗೂ ಬದುಕುವ ಆಸೆಯಿದೆ, ತಿರುಗಿಸಿಯೇ ಬಿಡುತ್ತೇನೆ, ಹೆಬ್ಬೆರಳು ಗಾಲಿಯ ಮೇಲೆ, ಕಿಟಕಿಯ ಬಿಸಿಲು ಬೆರಳ ಮೇಲೆ, ಉಗುರು ಕಪ್ಪು, ಅಂಚಿನಲ್ಲಿ ಕಂದು, ಅದೇ ಬಣ್ಣ, ಒಂದು ಹನಿ ಬಿತ್ತು, ಬೆರಳು ಅಲ್ಲಾಡಲಿಲ್ಲ, ಕಪ್ಪು ಉಗುರು, ಇನ್ನೊಂದು ಹನಿ, ಗಿಡ ಒಂದೇ ಆದ್ರೆ — ಅಂಗೈಯಲ್ಲಿ ಆ ಕಪ್ಪು ಎಲೆ, ಆ ಕಪ್ಪು ಎಲೆ