ಚಕ್ರದ ಮಂಚ

ಮಗಳು ಮಲಗುವ ಮಂಚಕ್ಕೆ ಚಕ್ರಗಳಿದ್ದವು. ಊರು ಬಿಟ್ಟು ಈ ದೇಶಕ್ಕೆ ಬರುವಾಗ ತಂದ ಎರಡು ಸೂಟ್‌ಕೇಸುಗಳನ್ನು ಪಕ್ಕಪಕ್ಕ ಇಟ್ಟು ಮೇಲೊಂದು ಕಂಬಳಿ ಹಾಸಿದರೆ ಅದೇ ಮಂಚ, ಮುಚ್ಚಳ ತೆರೆದರೆ ಅದೇ ಬೀರು. ನೆಲ ಸದಾ ಒದ್ದೆ. ಕೆಳಗೆ ಮಲಗಿಸಿದರೆ ಮಗುವಿಗೆ ಕೆಮ್ಮು ಹತ್ತುತ್ತಿತ್ತು.

ಹೋಟೆಲಿನ ಹಾಸುಬಟ್ಟೆ ಒಗೆಯುವ ಕೆಲಸಕ್ಕೆ ಹೋಗುವಾಗ ತಾಯಿ ಮಗಳನ್ನು ಒಳಗೆ ಕೂಡಿ ಬೀಗ ಹಾಕುತ್ತಿದ್ದಳು. ಒಮ್ಮೆ ಜೊತೆಗೆ ಕರೆದೊಯ್ದದ್ದಕ್ಕೆ ಮೇಸ್ತ್ರಿ, "ಇನ್ನೊಂದ್ಸಲ ಮಗು ತಂದ್ರೆ ಅದರ ಜೊತೆ ನೀನೂ ಆಚೆ" ಎಂದಿದ್ದ. ಗಂಡ ಶೈತ್ಯಾಗಾರದಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದ. ಕತ್ತಲಲ್ಲೇ ಹೋಗಿ ಕತ್ತಲಲ್ಲೇ ಬರುವ ಅವನ ಮುಖ ಹಗಲಲ್ಲಿ ಹೇಗಿರುತ್ತದೆಂಬುದನ್ನು ಮಗಳು ಮರೆತೇಬಿಟ್ಟಿದ್ದಳು. ಸರ್ಕಾರದ ಮಕ್ಕಳ ಭತ್ಯೆ ಸಿಕ್ಕರೆ ಅವಳನ್ನು ಶಿಶುವಿಹಾರಕ್ಕೆ ಸೇರಿಸಬಹುದು, ಬೀಗ ಬಿಸಾಕಬಹುದು. ತಾಯಿಯ ಆಸೆ ಅಷ್ಟೇ.

ಅರ್ಜಿ ಹಾಕಿದ ಮೇಲೆ ಭತ್ಯೆ ಕಚೇರಿಯಿಂದ ತನಿಖೆಗೆ ಬಂದ ಸಾಹೇಬ ಬೂಟಿನ ತುದಿಯಿಂದ ಸೂಟ್‌ಕೇಸು ತಳ್ಳಿದ. ಅದು ಗೋಡೆಯವರೆಗೆ ಉರುಳಿತು.

"ಇನ್ನೂ ಗಂಟುಮೂಟೆ ಬಿಚ್ಚಿಲ್ವಲ್ಲಮ್ಮ?"

"ಬೀರು ಇಲ್ಲ ಸಾರ್. ಬಟ್ಟೆ ಅದ್ರಲ್ಲೇ."

"ಭತ್ಯೆ ಇಲ್ಲೇ ನೆಲೆ ನಿಂತೋರಿಗೆ. ನೀವು ನಾಳೆ ಹೊರಡೋರ ಥರ ಇದೀರಿ. ಸರಿಮಾಡ್ಕೊಳ್ಳಿ, ಮತ್ತೆ ಬರ್ತೀನಿ."

ಮೇಲ್ಮಹಡಿಯ ದರ್ಜಿ ಅಕ್ಕ ಕೇಳಿ ಕೆಂಡವಾದಳು. "ಬೀರು ತಾನೆ ಅವನಿಗೆ ಬೇಕಾಗಿರೋದು? ನಂದೇ ಇಳಿಸೋಣ. ಹಿಡೀರೇ!"

ಇವರ ಹಾಗೇ ಊರು ಬಿಟ್ಟು ಬಂದ ವಠಾರದ ಹೆಂಗಸರು ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ಬೈಯುತ್ತ, ನಗುತ್ತ ಬೀರು ಇಳಿಸಿದರು. ಇವರ ಮೂವರ ಬಟ್ಟೆ ಜೋಡಿಸಿದರೆ ಒಂದು ಅರೆಯೂ ತುಂಬಲಿಲ್ಲ.

"ಅಯ್ಯೋ, ಬಣಬಣ ಅಂತಿದೆ ಕಣೇ! ಹೊರಗಿನೋನ ಮುಂದೆ ನಮ್ಮ ಮಾನ ಏನಾಗ್ಬೇಕು?" ಎಂದಳು ದರ್ಜಿ ಅಕ್ಕ.

ಒಬ್ಬಳು ತನ್ನ ಮದುವೆಯ ಬಟ್ಟೆ ತಂದಳು. ಒಬ್ಬಳು ಗಂಡನ ಉಣ್ಣೆ ಕೋಟು. ದರ್ಜಿ ಅಕ್ಕ ಗಿರಾಕಿಯ ಹೊಸ ಗೌನನ್ನೇ ನೇತುಹಾಕಿದಳು. ಮಗಳು ಅದರ ಅಂಚು ಮುಟ್ಟಿ, "ಅಮ್ಮಾ, ನಾಳೆಯಿಂದ ಬೀಗ ಇಲ್ವಾ?" ಎಂದಳು.

"ಇಲ್ಲ ಪುಟ್ಟಾ."

ಸಾಹೇಬ ಮತ್ತೆ ಬಂದ. ಬೀರು ತೆರೆದ. ಕೋಟಿನ ತೋಳನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಪರವಾಗಿಲ್ವೇ! ನನ್ನ ಹೆಂಡ್ತಿ ಹತ್ರಾನೂ ಇಷ್ಟಿಲ್ಲ. ನಿಮಗ್ಯಾಕಮ್ಮ ಭತ್ಯೆ? ಬಡವರಿಗೆ ಬಿಡಿ."

"ಅದು ನಮ್ದಲ್ಲ ಸಾರ್! ಕಡ ತಂದಿದ್ದು."

"ಓಹೋ. ಹಾಗಾದ್ರೆ ಮೋಸ. ಅದಕ್ಕೆ ಗಡಿಪಾರು." ಅವನು ಪೆನ್ನು ತೆಗೆದು ಮುಗುಳ್ನಕ್ಕ. "ನೀವೇ ಹೇಳಿ. ಏನಂತ ಬರ್ಕೊಳ್ಳಲಿ? ಅನುಕೂಲಸ್ಥರು ಅಂತಲೋ, ಕಳ್ಳರು ಅಂತಲೋ?"

ಅವಳು ಮಗಳನ್ನು ಹತ್ತಿರ ಎಳೆದುಕೊಂಡಳು.

"ಮೊದಲನೇದು" ಎಂದಳು.

ಮರುದಿನ ಬೆಳಿಗ್ಗೆ ಬೀಗ ಕೈಗೆತ್ತಿಕೊಂಡಾಗ ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ತಾನಾಗಿಯೇ ಮೂಲೆಗೆ ಹೋಗಿ ಕುಳಿತಳು. ಅದನ್ನು ಮಾತ್ರ ತಾಯಿಯಿಂದ ನೋಡಲಾಗಲಿಲ್ಲ.

ಅವಳು ಒಗೆಯುವ ಕೆಲಸಕ್ಕೆ ಹೋಗಲಿಲ್ಲ. ಮಹಡಿ ಹತ್ತಿ, ಎಲ್ಲಿಗೆ, ಯಾಕೆ ಎಂದು ದರ್ಜಿ ಅಕ್ಕನಿಗೆ ಹೇಳಿ ಬಂದಳು. ಎರಡೂ ಸೂಟ್‌ಕೇಸು ಎಳೆದುಕೊಂಡು, ಮಗಳಿಗೆ ಸೆರಗು ಹಿಡಿಸಿಕೊಂಡು, ಭತ್ಯೆ ಕಚೇರಿಯ ಹಜಾರದ ನಡುವೆ ನಿಂತಳು. ಸಾಹೇಬನ ಮೇಜಿನ ಮುಂದೆ ಅವನ್ನು ಪಕ್ಕಪಕ್ಕ ಇಟ್ಟು, ಕಂಬಳಿ ಹಾಸಿ, ಮಗಳನ್ನು ಮಲಗಿಸಿದಳು.

"ಏನಿದು? ಎತ್ತು ಇಲ್ಲಿಂದ!"

"ನನ್ನ ಮಗಳ ಮಂಚ. ಕಡ ತಂದಿದ್ದಲ್ಲ."

"ಗಡಿಪಾರು ಮಾಡಿಸ್ತೀನಿ, ಗೊತ್ತಾ?"

"ಎರಡನೇದನ್ನೂ ಬರ್ಕೊಳ್ಳಿ ಸಾರ್. ಆದ್ರೆ ಎಲ್ಲರ ಮುಂದೆ, ಗಟ್ಟಿಯಾಗಿ ಓದಿ ಬರ್ಕೊಳ್ಳಿ."

ಸಾಲಿನಲ್ಲಿ ನಿಂತವರು ತಿರುಗಿದರು. ಹೊರಗೆ ಕಲ್ಲುಹಾಸಿನ ಮೇಲೆ ವಠಾರದ ಹೆಂಗಸರು ಎಳೆದು ತರುತ್ತಿದ್ದ ಸೂಟ್‌ಕೇಸುಗಳ ಚಕ್ರಗಳ ಸದ್ದು. ಎಲ್ಲಕ್ಕಿಂತ ಮುಂದೆ ದರ್ಜಿ ಅಕ್ಕನ ಗಂಟಲು: "ಬಾಗಿಲು ಪೂರ್ತಿ ತೆಗೀರಿ. ಇನ್ನೂ ಮಂಚಗಳು ಬರ್ತಿವೆ."