ಲೋಲಾ ಟಾಸಿಯಾಳ ಆರು ಸೆಕೆಂಡಿನ ಮೂಗು

ಬಾಂತಾಯನ್ ದ್ವೀಪದ ಇತಿಹಾಸವನ್ನು ಮುಂದೊಂದು ದಿನ ಯಾರಾದರೂ ಬರೆಯುವುದಾದರೆ, ಒಬ್ಬ ಮುದುಕಿಯ ಮೂಗು ಎಷ್ಟು ಅಗಲವಿರತಕ್ಕದ್ದು ಎಂಬ ಪ್ರಶ್ನೆಗೆ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾದೀತು. ಈ ಪ್ರಶ್ನೆಯಿಂದಾಗಿ ಹನ್ನೆರಡನೇ ತರಗತಿಯ ನಾಲ್ವರ ಗುಂಪೊಂದು ಎರಡು ಹೋಳಾಯಿತು. ಒಂದು ಕಡೆ ಮೂವರು, ಇನ್ನೊಂದು ಕಡೆ ಜೆಸಮೇ ಒಬ್ಬಳೇ.

ಮಾಧ್ಯಮ ಪಾಠದ ಮೇಡಂ ಪ್ರತಿ ಗುಂಪಿಗೂ ಒಂದೊಂದು ಸಿನಿಮಾದ ಟ್ರೈಲರ್ ಮಾಡಿ ತರಲು ಹೇಳಿದ್ದರು. ತೊಂಬತ್ತು ಸೆಕೆಂಡು. ಸಿನಿಮಾ ಇರಬೇಕೆಂದೇನೂ ಇಲ್ಲ. ಮದುವೆಯೇ ಇಲ್ಲದೆ ಕರೆಯೋಲೆ ಅಚ್ಚು ಹಾಕಿಸಿದಂತೆ ವರ್ಷವರ್ಷವೂ ಶಾಲೆಯಲ್ಲಿ ಇಂಥ ಹತ್ತು ಟ್ರೈಲರುಗಳು ಹುಟ್ಟುತ್ತವೆ. ಎಂಟರಲ್ಲಿ ಬಿಳಿ ಗೌನಿನ ದೆವ್ವ ಬರುತ್ತದೆ, ಉಳಿದೆರಡರಲ್ಲಿ ನಾಯಕಿಗೆ ಕ್ಯಾನ್ಸರ್ ಬರುತ್ತದೆ. ಜೆಸಮೇಯ ಗುಂಪಿನದು ಮಾತ್ರ ಒಣಮೀನಿನ ಕತೆ, ಅದೂ ಅವಳ ಹಟದಿಂದ. ಅವಳ ಅಜ್ಜಿ ಲೋಲಾ ಟಾಸಿಯಾ (ಅಲ್ಲಿಯ ಮಾತಿನಲ್ಲಿ ಲೋಲಾ ಎಂದರೂ ಅಜ್ಜಿಯೇ) ಐವತ್ತು ವರ್ಷದಿಂದ ಕಡಲ ದಂಡೆಯಲ್ಲಿ ಕುಳಿತು ದಂಗಿಟ್ ಮೀನನ್ನು ಬೆನ್ನಿನಿಂದ ಸೀಳಿ, ಪುಸ್ತಕದಂತೆ ಬಿಡಿಸಿ, ಬಿದಿರು ತಟ್ಟಿಯ ಮೇಲೆ ಒಣಹಾಕುತ್ತಿದ್ದಳು. ಒಂದು ಮೀನಿಗೆ ಎರಡೇ ಗೀರು. ಆ ಕೈ, ಆ ಸುಟ್ಟ ಬಣ್ಣ, ಉಪ್ಪಿಗೆ ಬಿರಿದ ತುಟಿ, ಮುಖದ ಮೂರನೇ ಒಂದು ಭಾಗವನ್ನು ಆಳುತ್ತಿದ್ದ ಆ ಮೂಗು, ಇವೆಲ್ಲ ಇದ್ದದ್ದು ಇದ್ದ ಹಾಗೆ ಆರೇ ಸೆಕೆಂಡು ದೊಡ್ಡ ಪರದೆಯ ಮೇಲೆ ಊರಿಗೆ ಕಾಣಬೇಕು. ಜೆಸಮೇಗೆ ಬೇಕಾಗಿದ್ದದ್ದು ಇಷ್ಟೇ.

ಗುಂಪಿನ ನಾಯಕ ಕ್ಲಿಂಟ್. ಒಳ್ಳೆಯ ಫೋನು ಇದ್ದವನೇ ನಾಯಕನೆಂಬುದು ಶಾಲೆಯ ಅಲಿಖಿತ ನಿಯಮ. ಬೆಳಿಗ್ಗೆ ಆರಕ್ಕೆ ದಂಡೆಯಲ್ಲಿ ಅವನೇ ಚಿತ್ರ ತೆಗೆದ. ಮಧ್ಯಾಹ್ನ ಅವನ ಮನೆಯ ಎಸಿ ಕೋಣೆಯಲ್ಲಿ ತುಣುಕುಗಳನ್ನು ಜೋಡಿಸಲು ಕೂತಾಗ ಜೆಸಮೇ ಅದನ್ನು ಮೊದಲು ನೋಡಿದಳು.

ಅಜ್ಜಿ ಆ ಚಿತ್ರದಲ್ಲಿರಲಿಲ್ಲ. ಸೋಪಿನಲ್ಲಿ ಕೆತ್ತಿದ ಯಾವಳೋ ಹೆಂಗಸು ಮೀನು ಸೀಳುತ್ತ ಕೂತಿದ್ದಳು. ಮುಖ ಬೆಳ್ಳಗೆ ಮಾಡುವ ಫಿಲ್ಟರು ಕ್ಲಿಂಟನ ಫೋನಿನಲ್ಲಿ ಕೊಂಡ ದಿನದಿಂದ ಆರಿಯೇ ಇಲ್ಲ. ಊರಿನಲ್ಲಿ ಯಾರ ಫೋನಿನಲ್ಲೂ ಆರುವುದಿಲ್ಲ. ಮೂಗು ಚೂಪಾಗಲೆಂದು ಹಸುಗೂಸಿನ ಮೂಗನ್ನು ದಿನಾ ಬೆಳಿಗ್ಗೆ ಹಿಂಡುವ ಊರು ಅದು. ಬೆರಳು ಸೋತ ಕೆಲಸವನ್ನು ಈಗ ಫೋನು ವಹಿಸಿಕೊಂಡಿತ್ತು. ಸುಕ್ಕುಗಳೆಲ್ಲ ಮಾಯ, ಕೆನ್ನೆಯ ಮೇಲೆ ಕೆನೆ, ಮೂಗು ಚಾಕುವಿನ ಅಲಗು. ಇನ್ನೂ ಹೇಸಿಗೆಯದು ಕೆಳಗಿತ್ತು. ಸೀಳಿ ಅಗಲಿಸಿದ ಮೀನಿಗೆ ಆ ಬದಿಗೊಂದು ಕಣ್ಣು, ಈ ಬದಿಗೊಂದು ಕಣ್ಣು. ಫೋನು ಅದನ್ನೂ ಮುಖವೆಂದೇ ಬಗೆದು, ಕರುಳು ತೆಗೆದ ಜಾಗದ ಎರಡೂ ಪಕ್ಕಕ್ಕೆ ಗುಲಾಬಿ ರಂಗು ಹಚ್ಚಿ ತುಟಿ ಕೆಂಪು ಮಾಡಿತ್ತು. ತಟ್ಟಿಯ ಉದ್ದಕ್ಕೂ ಸಿಂಗರಿಸಿದ ಹೆಣಗಳು.

“ಇದೇನೋ ಇದು?”

“ಯಾಕೇ, ಚೆನ್ನಾಗೇ ಇದೆಯಲ್ಲ,” ಎಂದ ಕ್ಲಿಂಟ್, ಹುರಿದ ಹಂದಿಚರ್ಮ ಕುರುಕುತ್ತ. “ನಿಮ್ಮಜ್ಜಿ ಮೂವತ್ತು ವರ್ಷ ಚಿಕ್ಕೋರಾಗಿದಾರೆ. ಅದೂ ಬಿಟ್ಟಿ.”

“ಮೀನು ಲಿಪ್‌ಸ್ಟಿಕ್ ಹಾಕ್ಕೊಂಡಿದೆ.”

“ಹೆಣ್ಣು ಮೀನಿರಬಹುದು.”

ಉಳಿದಿಬ್ಬರು ನಕ್ಕರು. ಕ್ಲಿಂಟ್ ಎಣ್ಣೆಗೈಯಲ್ಲೇ ಮೇಡಂ ಕೊಟ್ಟಿದ್ದ ಅಂಕಗಳ ಹಾಳೆಯನ್ನು ಅವಳತ್ತ ತಳ್ಳಿದ. “ನೋಡು, ಅಂದಕ್ಕೆ ಇಪ್ಪತ್ತು ಮಾರ್ಕ್ಸ್ ಇದೆ. ನಿಜಕ್ಕೆ ಎಷ್ಟಿದೆ, ಹುಡುಕು.”

ಅವಳು ಹುಡುಕಿದಳು. ನಿಜಕ್ಕೆ ಏನೂ ಇರಲಿಲ್ಲ.

“ಸರಿ, ಮುಖ ನಿಮ್ಮಜ್ಜಿದು,” ಎಂದ ಕ್ಲಿಂಟ್. “ಅವರನ್ನೇ ಕೇಳು. ಅವರು ಬೇಡ ಅಂದ್ರೆ ನಂದೂ ತಕರಾರಿಲ್ಲ.”

ಇದಕ್ಕಿಂತ ಸುಲಭದ ತೀರ್ಪು ಇನ್ನೊಂದಿಲ್ಲವೆಂದು ಜೆಸಮೇಗೆ ಅನ್ನಿಸಿತು. ಮರುದಿನ ಬೆಳಿಗ್ಗೆ ಗಾಜು ಒಡೆದ ತನ್ನ ಫೋನಿನಲ್ಲಿ ಫಿಲ್ಟರ್ ಆರಿಸಿ ಅಜ್ಜಿಯನ್ನು ಮತ್ತೆ ಹಿಡಿದಳು. ಅದ್ಭುತವಾಗಿ ಬಂತು. ಕೈಗೆ ಮೆತ್ತಿದ ಮೀನಿನ ಹುರುಪೆ, ಹುಬ್ಬಿನ ಮೇಲೆ ಕೂತ ನೊಣ, ಎಲ್ಲ ಇತ್ತು. ಮೊದಲು ಅದನ್ನೇ ತೋರಿಸಿದಳು.

“ಯಾರೇ ಇದು, ಕಪ್ಪೆ?” ಎಂದಳು ಲೋಲಾ.

ಆಮೇಲೆ ಕ್ಲಿಂಟ್ ಕಳಿಸಿದ್ದನ್ನು ತೋರಿಸಿದಳು. ಲೋಲಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನನ್ನು ತೋಳುದೂರ ಹಿಡಿದು ನೋಡಿದಳು. ಮತ್ತೊಮ್ಮೆ ಹಾಕಿಸಿದಳು. ಮಗದೊಮ್ಮೆ ಹಾಕಿಸಿದಳು.

“ಇದನ್ನೇ ಹಾಕು.”

“ಲೋಲಾ, ಇದು ನೀನಲ್ಲ.”

“ಗೊತ್ತು. ಅದಕ್ಕೇ ಹೇಳ್ದೆ.”

“ನಂಗಿದನ್ನ ನೋಡಿದ್ರೆ ವಾಕರಿಕೆ ಬರುತ್ತೆ.”

“ಬಂದ್ರೆ ಸಮುದ್ರ ಅಲ್ಲೇ ಇದೆ.” ಲೋಲಾ ಇನ್ನೊಂದು ಮೀನು ಎತ್ತಿಕೊಂಡಳು. “ಚಿಕ್ಕೋಳಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ಮೇರಿಯಮ್ಮ ಆಗ್ತೀನಿ ಅಂದಿದ್ದೆ. ಈ ಮೂಗು ನೋಡಿ ಕತ್ತೆ ಪಾರ್ಟು ಕೊಟ್ರು. ಮೂರು ವರ್ಷ ಕತ್ತೇನೇ ಆದೆ. ಈಗ ಆರು ಸೆಕೆಂಡು ಬೇರೆ ಮೂಗು ಇಟ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?”

“ಮೀನಿನ ತುಟಿನಾದ್ರೂ ತೆಗೀತೀನಿ.”

“ಇರಲಿ ಬಿಡು. ಸತ್ತ ಮೇಲಾದ್ರೂ ಅದಕ್ಕೊಂದು ಅಲಂಕಾರ ಆಗ್ಲಿ.” ಎರಡು ಗೀರಿಗೆ ಮೀನು ಬಿಚ್ಚಿಕೊಂಡಿತು. “ನಿನ್ನ ಮೂಗನ್ನೂ ಎರಡು ವರ್ಷ ದಿನಾ ಹಿಂಡಿದೀನಿ. ಏನೂ ಉಪಯೋಗ ಆಗ್ಲಿಲ್ಲ.”

ಜೆಸಮೇಯ ಕೈ ತಾನಾಗಿ ಮೂಗಿಗೆ ಹೋಯಿತು. ಹೇಸಿಗೆಯಾಗುತ್ತಿತ್ತು, ಯಾರ ಮೇಲೆ ಎಂದು ಕೇಳಿದ್ದರೆ ಮೊದಲು ಫೋನಿನ ಹೆಸರು ಹೇಳುತ್ತಿದ್ದಳು, ಆಮೇಲೆ ಸ್ವಲ್ಪ ಯೋಚಿಸುತ್ತಿದ್ದಳು. ಮುಖ ಲೋಲಾಳದು, ತೀರ್ಪು ಕೇಳಿದವಳು ತಾನು. ಸಂಜೆ ಕ್ಲಿಂಟನ ಮನೆಗೆ ಹೋಗಿ ಆ ಸೋಪಿನ ಹೆಂಗಸನ್ನು ಮೂವತ್ತನಾಲ್ಕನೇ ಸೆಕೆಂಡಿಗೆ ಅಂಟಿಸಿದಳು. ಕ್ಲಿಂಟ್ ಅದಕ್ಕೆ ಪಿಟೀಲು ಸೇರಿಸಿದ.

ಶನಿವಾರ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಪರದೆ ಕಟ್ಟಿದ್ದರು. ಲೋಲಾ ಚರ್ಚಿಗೆ ಹಾಕುವ ರವಿಕೆ ತೊಟ್ಟು, ದಂಡೆಯ ಹೆಂಗಸರನ್ನೆಲ್ಲ ಕರೆತಂದು ಮೊದಲ ಸಾಲಿನಲ್ಲಿ ಕೂತಳು. ಪಿಟೀಲು ಅಳತೊಡಗಿತು. ಮೂಗು ಬಂತು.

“ಯಾರವಳು?” ಎಂದಳು ಪಕ್ಕದ ಬೇಬಾಂಗ್. ಮೂವತ್ತು ವರ್ಷದಿಂದ ಅದೇ ತಟ್ಟಿಯ ಆಚೆ ತುದಿಯಲ್ಲಿ ಕೂತು ಮೀನು ಸೀಳುವವಳು.

“ನಾನೇ.”

“ಹೋಗೇ. ಮನಿಲಾದವಳು ಅವಳು. ಕತ್ತಿ ಹಿಡಿಯೋದು ಮಾತ್ರ ಸರಿಯಾಗಿ ಕಲಿಸಿದಾರೆ.”

ಲೋಲಾ ಇನ್ನೇನೋ ಹೇಳುವಷ್ಟರಲ್ಲಿ ಆರು ಸೆಕೆಂಡು ಮುಗಿದುಹೋಯಿತು. ಅವಳು ಜೆಸಮೇಯ ಕಡೆ ತಿರುಗಿ ನೋಡಿದಳು. ಜೆಸಮೇ ಪರದೆ ನೋಡುತ್ತಿದ್ದಳು.

ತುಟಿ ಕೆಂಪಾದ ಮೀನು ಆಳವಾದ ಸಂಕೇತವೆಂದು ಮೇಡಂ ಮೈಕಿನಲ್ಲಿ ಮೆಚ್ಚಿಕೊಂಡರು. ನಿಜದ ಮೂಗು ಜೆಸಮೇಯ ಒಡಕು ಫೋನಿನಲ್ಲೇ ಉಳಿಯಿತು. ಟ್ರೈಲರಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಬಿಳಿ ಗೌನಿನ ದೆವ್ವಕ್ಕೆ ಹೋಯಿತು.